ಗಾಜು ಹಾಕದೆ ಆರ್ಟ್ ಪ್ರಿಂಟ್‌ಗೆ ಮನೆಯಲ್ಲೇ ಫ್ರೇಮ್ ಕಟ್ಟಬಹುದಾ?

ಕಟ್ಟಬಹುದು, ಪ್ರಿಂಟನ್ನು ಹಲಗೆಗೆ ಅಂಟಿಸಿ ಮೇಲೆ ವಾರ್ನಿಷ್ ಹೊಡೆದರಾಯಿತು. ಆದರೆ ಹಲಗೆಗೆ ಅಂಟಿಸಿದ ಪ್ರಿಂಟನ್ನು ಮತ್ತೆ ಹರಿಯದೆ ಬಿಡಿಸೋದು ಕಷ್ಟ. ಕಲಾವಿದರ ಸಹಿ ಇರುವಂಥದ್ದಾದರೆ ಈ ಸಾಹಸ ಬೇಡ, ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿ.

ಉಳಿದವಕ್ಕೆ 6 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು. ಎರಡೂ ಕಡೆ ಪ್ರೈಮರ್ ಹೊಡೆದು ಚೆನ್ನಾಗಿ ಒಣಗಿಸಿ. ಆಮ್ಲರಹಿತ ಪಿವಿಎ ಅಂಟನ್ನು (ಬಿಳಿ ಅಂಟು) ಹಲಗೆಗೆ ತೆಳ್ಳಗೆ ಬಳಿಯಿರಿ; ಜಾಸ್ತಿಯಾದರೆ ಕಾಗದ ಒದ್ದೆಯಾಗಿ ಹಿಗ್ಗುತ್ತದೆ, ಸುಕ್ಕು ಬೀಳೋದು ಅದಕ್ಕೇ. ಪ್ರಿಂಟಿನ ಒಂದು ಅಂಚು ಕೂರಿಸಿ, ಉಳಿದದ್ದನ್ನು ನಿಧಾನಕ್ಕೆ ಇಳಿಸುತ್ತಾ ಬನ್ನಿ. ಮೇಲೊಂದು ಬಟರ್ ಪೇಪರ್ ಇಟ್ಟು ನಡುವಿನಿಂದ ಅಂಚಿನ ಕಡೆಗೆ ರೋಲರ್ ಎಳೆಯಿರಿ. ದಪ್ಪ ಪುಸ್ತಕ ಪೇರಿಸಿ ರಾತ್ರಿಯಿಡೀ ಬಿಡಿ.

ಗಾಜಿಲ್ಲದ ಮೇಲೆ ಧೂಳು, ತೇವ ತಡೆಯೋದು ವಾರ್ನಿಷ್ ಒಂದೇ. ಅದಕ್ಕೂ ಮುಂಚೆ ಒದ್ದೆ ಹತ್ತಿಯಿಂದ ಪ್ರಿಂಟಿನ ಮೂಲೆ ಒರೆಸಿ ನೋಡಿ. ಬಣ್ಣ ಹತ್ತಿಗೆ ಬಂತಾ? ಹಾಗಾದರೆ ನೀರಿನ ವಾರ್ನಿಷನ್ನು ಬ್ರಷ್‌ನಲ್ಲಿ ಹಚ್ಚಲೇಬೇಡಿ. ನಾನು ಹಚ್ಚಿ, ನೀಲಿ ಆಕಾಶ ಕೆಳಗಿನ ಮನೆಗಳ ಮೇಲೆಲ್ಲ ಇಳಿದಿತ್ತು! ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುವ ಸ್ಪ್ರೇ ವಾರ್ನಿಷ್ ತಂದು, ಕಿಟಕಿ ತೆರೆದಿಟ್ಟು, ತೆಳ್ಳಗೆ ಮೂರು ಸಲ ಹೊಡೆಯಿರಿ.

ಫ್ರೇಮಿನಲ್ಲಿ ಗಾಜಿನ ಜಾಗ ಖಾಲಿ ಉಳಿದು ಹಲಗೆ ಅಲ್ಲಾಡಿದರೆ ಹಿಂದೆ ಒಂದು ರಟ್ಟು ತುರುಕಿದರಾಯಿತು.