ಧ್ವನಿ ತಂತುಗೆ ಜೆಲ್ ಇಂಜೆಕ್ಷನ್ ಹಾಕಿಸಿದ್ರೆ ಹಳೇ ದನಿ ವಾಪಸ್ ಬರುತ್ತಾ?

ಗಂಟಲ ಆಪರೇಷನ್ ಆದ್ಮೇಲೆ ದನಿ ಕೆಟ್ಟಿದೆ, ಡಾಕ್ಟ್ರು ಇಂಜೆಕ್ಷನ್ ಅಂತಿದಾರೆ ಅಂತ ಬರೆದಿದೀರ, ಆದ್ರೆ ತಂತು ಅಲ್ಲಾಡ್ತಾನೇ ಇಲ್ವಾ ಅಥವಾ ಸ್ಕಾರ್ (ಗಾಯ ಮಾಗಿದ ಕಲೆ) ಆಗಿ ಗಟ್ಟಿಯಾಗಿದ್ಯಾ ಅನ್ನೋದನ್ನ ಹೇಳಿಲ್ಲ. ಎಲ್ಲಾ ಅದರ ಮೇಲೇ ನಿಂತಿರೋದು. ನಾನು ಸ್ಪೀಚ್ ಥೆರಪಿಸ್ಟ್, ಎರಡೂ ಥರದವರು ಬರ್ತಾರೆ.

ನರಕ್ಕೆ ಪೆಟ್ಟಾಗಿ ಒಂದು ತಂತು ಪಕ್ಕಕ್ಕೆ ನಿಂತುಬಿಟ್ಟಿದ್ರೆ ಇನ್ನೊಂದು ಬಂದು ಅದಕ್ಕೆ ತಾಗಲ್ಲ, ಮಧ್ಯದಲ್ಲಿ ಗಾಳಿ ಸೋರುತ್ತೆ, 'ಆ' ಅಂತ ಎಳೆಯೋಕೆ ಹೋದ್ರೆ ಉಸಿರೇ ಖಾಲಿ, ನೀರು ಕುಡಿದ್ರೆ ಕೆಮ್ಮು. ಇಲ್ಲಿ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತೆ, ತಂತುನ ಉಬ್ಬಿಸಿ ಮಧ್ಯಕ್ಕೆ ತಳ್ಳುತ್ತೆ ಅಷ್ಟೇ. ಎಚ್ಚರ ಇದ್ದಾಗಲೇ ಹಾಕಿದ್ರೆ ಎಷ್ಟೋ ಜನಕ್ಕೆ ಕುರ್ಚಿಯಿಂದ ಏಳೋ ಮುಂಚೆನೇ ವ್ಯತ್ಯಾಸ ಕೇಳ್ಸುತ್ತೆ. ಎಷ್ಟು ದಿನ ಉಳಿಯುತ್ತೆ ಅನ್ನೋದು ಹಾಕೋ ಮೆಟೀರಿಯಲ್ ಮೇಲಿದೆ: ಸೆಲ್ಯುಲೋಸ್ ಜೆಲ್ 2-3 ತಿಂಗಳು, ಹೈಯಲುರಾನಿಕ್ ಆಸಿಡ್ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಜಾಸ್ತಿ, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಒಂದು ವರ್ಷದ ಆಸುಪಾಸು, ನಮ್ಮದೇ ಕೊಬ್ಬು ತೆಗೆದು ಹಾಕಿದ್ರೆ ಎಷ್ಟು ಉಳಿಯುತ್ತೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಕರಗಿ ಹೋಗುತ್ತಲ್ಲಾ ಅಂತ ಬೇಜಾರು ಬೇಡ, ನರ ತಾನೇ ಚೇತರಿಸ್ಕೊಳ್ಳೋಕೆ ಟೈಮ್ ಸಿಗುತ್ತೆ. 1960ರ ದಶಕದಿಂದ ಟೆಫ್ಲಾನ್ ಹಾಕ್ತಿದ್ರು, ಅದು ಕರಗ್ತಿರಲಿಲ್ಲ ನಿಜ, ಆದ್ರೆ ಎಷ್ಟೋ ಜನಕ್ಕೆ ಸುತ್ತ ಗಡ್ಡೆ ಕಟ್ಟಿ ಮತ್ತೆ ಆಪರೇಷನ್ ಮಾಡಿ ತೆಗೀಬೇಕಾಗ್ತಿತ್ತು.

ಸ್ಕಾರ್ ಆಗಿದ್ರೆ ಮಾತ್ರ ಕಥೆನೇ ಬೇರೆ. ತಂತುವಿನ ಮೇಲ್ಪದರದ ಕೆಳಗೆ ಜೆಲ್ಲಿ ಥರ ಒಂದು ತೆಳು ಪದರ ಇರುತ್ತೆ, ಮಾತಾಡುವಾಗ ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ ಅಲೆ ಏಳೋದು ಆ ಮೆತ್ತನೆ ಪದರ ಇರೋದ್ರಿಂದಾನೇ. ಗಾಯ ಆದ್ಮೇಲೆ ಅಲ್ಲಿ ಅಡ್ಡಾದಿಡ್ಡಿ ಕೊಲಾಜನ್ ಅನ್ನೋ ಗಟ್ಟಿ ನಾರು ತುಂಬ್ಕೊಳ್ಳುತ್ತೆ, ಸ್ಟ್ರೋಬೋಸ್ಕೋಪಿಯಲ್ಲಿ (ಮಿಣುಕೋ ಬೆಳಕಲ್ಲಿ ತಂತುವಿನ ಅಲೆನ ನಿಧಾನವಾಗಿ ತೋರಿಸೋ ಕ್ಯಾಮೆರಾ ಪರೀಕ್ಷೆ) ನೋಡಿದ್ರೆ ಅಲೆ ಬಂದು ಆ ಜಾಗದಲ್ಲಿ ನಿಂತೇ ಹೋಗುತ್ತೆ. ಈಗ ಸಿಗೋ ಜೆಲ್‌ಗಳು ಸಂದು ಮುಚ್ಚುತ್ತವೆ, ಹೋದ ಮೆದುತನ ತರಲ್ಲ, ಕ್ಯಾಲ್ಸಿಯಂ ಥರದ್ದನ್ನ ಆಳಕ್ಕೆ ಹಾಕದೆ ಮೇಲ್ಪದರಕ್ಕೆ ಹಾಕಿಬಿಟ್ರಂತೂ ಇನ್ನೂ ಬಿಗಿಯಾಗುತ್ತೆ. ಮೆದುತನನೇ ವಾಪಸ್ ತರೋ ಜೆಲ್‌ಗೆ ಅಂತ ಅಮೆರಿಕದಲ್ಲಿ ಗಂಟಲ ಸರ್ಜನ್ ಸ್ಟೀವನ್ ಝೈಟೆಲ್ಸ್, ಎಂಜಿನಿಯರ್ ರಾಬರ್ಟ್ ಲ್ಯಾಂಗರ್ ಸೇರಿ ಕೆಲಸ ಮಾಡಿದಾರೆ, 1997ರ ಆಪರೇಷನ್ನಲ್ಲಿ ಹಾಡೋ ದನಿ ಕಳ್ಕೊಂಡ ನಟಿ, ಗಾಯಕಿ ಜೂಲಿ ಆಂಡ್ರ್ಯೂಸ್ ಅದಕ್ಕೆ ಬೆಂಬಲ ಕೊಟ್ರು. ಆದ್ರೆ ಅದು ಮಾಮೂಲಿ ಚಿಕಿತ್ಸೆ ಆಗಿಲ್ಲ, ಯೂಟ್ಯೂಬ್ ನೋಡಿ ಆಸೆ ಬೆಳೆಸ್ಕೋಬೇಡಿ.

ಮುಂದಿನ ಸಲ ಹೋದಾಗ ಸ್ಟ್ರೋಬೋ ವಿಡಿಯೋ ತೋರಿಸಿ ಅಂತ ಕೇಳಿ, ಯಾವ ಮೆಟೀರಿಯಲ್, ಯಾವ ಪದರಕ್ಕೆ ಅಂತನೂ ಕೇಳಿ. ಕೆಲವು ಜೆಲ್‌ಗಳಲ್ಲಿ ನೀರಿನಂಶ ಆಮೇಲೆ ಹೀರ್ಕೊಂಡು ಹೋಗುತ್ತೆ ಅಂತ ಬೇಕಂತಲೇ ಸ್ವಲ್ಪ ಜಾಸ್ತಿ ತುಂಬ್ತಾರೆ, ಹಂಗಾಗಿ ಮೊದಲ ಕೆಲವು ದಿನ ದನಿ ಹಿಸುಕಿದ ಹಾಗೆ ಬಂದ್ರೆ ಗಾಬರಿ ಆಗ್ಬೇಡಿ. ಉಸಿರಾಡುವಾಗ ಸೀಟಿ ಥರ ಸದ್ದು ಬಂದ್ರೆ ಮಾತ್ರ ಒಂದು ನಿಮಿಷನೂ ಕಾಯದೆ ಆಸ್ಪತ್ರೆಗೆ ಓಡಿ.