ದಾವಣಗೆರೆಯಲ್ಲಿ ಜಪಾನಿ ಊಟ, ಸಂಗೀತ ಇಟ್ಟು ಭೂಕಂಪ ಪರಿಹಾರಕ್ಕೆ ದುಡ್ಡು ಕೂಡಿಸಬಹುದಾ?

ಜಪಾನಿನ ನೋಟೋ ಭೂಕಂಪದಲ್ಲಿ ಮನೆ ಕಳಕೊಂಡವರಿಗಾಗಿ ದಾವಣಗೆರೆಯಲ್ಲಿ ಒಂದು ಸಂಜೆ ಜಪಾನಿ ಊಟ, ಸಂಗೀತ ಇಡಬೇಕು ಅಂತಿದ್ದೀರಿ. ಜನ ಬರ್ತಾರಾ, ಏನು ಬಡಿಸೋದು, ದುಡ್ಡು ಕಳಿಸೋದು ಹೇಗೆ ಅಂತ ಕೇಳಿದ್ದೀರಿ. ನಾವು ಕೆಲವು ಗೆಳೆಯರು ಸೇರಿ ವಿದ್ಯಾನಗರದ ಕಡೆ ಒಂದು ಸಣ್ಣ ಹಾಲ್‌ನಲ್ಲಿ ಇಂಥದ್ದೇ ಮಾಡಿದ್ದೆವು. ಅಡುಗೆ ಉಸ್ತುವಾರಿ ನನ್ನದಾಗಿತ್ತು. ಹಾಗಾಗಿ ಊಟದ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ತಪ್ಪು ತಿಳ್ಕೋಬೇಡಿ.

ಜನ ಬರ್ತಾರೆ. ಆದರೆ ಸುಶಿ ತಿನ್ನೋಕೆ ಅಂತ ಕರೀಬೇಡಿ. ಹಸಿ ಮೀನು ಅಂದ ಕೂಡಲೇ ನಮ್ಮೂರಿನ ಅರ್ಧ ಜನ ಬಾಗಿಲಲ್ಲೇ ವಾಪಸ್. ಒನಿಗಿರಿ ಮತ್ತು ಮಿಸೋ ಸಾರು, ಇವೆರಡೇ ಸಾಕು. ಒನಿಗಿರಿ ಅಂದರೆ ಉಪ್ಪು ಕೈಯಲ್ಲಿ ಒತ್ತಿ ಕಟ್ಟಿದ ಅನ್ನದ ಉಂಡೆ, ಸಾಮಾನ್ಯವಾಗಿ ಮೂರು ಮೂಲೆ ಆಕಾರ. ಭೂಕಂಪ ಆದಾಗ ಜಪಾನಿನಲ್ಲಿ ಆಶ್ರಯ ಶಿಬಿರಗಳ ಮುಂದೆ ದೊಡ್ಡ ಪಾತ್ರೆ ಇಟ್ಟು ಬೇಯಿಸಿ ಹಂಚುತ್ತಾರೆ. ಅದಕ್ಕೆ ತಕಿದಾಶಿ ಅಂತಾರೆ. ಅಲ್ಲಿ ಹಂಚೋದರಲ್ಲಿ ಈ ಅನ್ನದ ಉಂಡೆ, ಬಿಸಿ ಮಿಸೋ ಸಾರು ಇದ್ದೇ ಇರುತ್ತವೆ. ಶಿಬಿರದಲ್ಲಿ ಕೊಡೋ ಊಟವನ್ನೇ ನಾವೂ ಕೊಡ್ತಿದ್ದೀವಿ ಅಂತ ಮೈಕಿನಲ್ಲಿ ಒಂದು ಮಾತು ಹೇಳಿ. ತಟ್ಟೆಯಲ್ಲಿ ಎರಡೇ ಐಟಂ ಯಾಕೆ ಅಂತ ಆಮೇಲೆ ಯಾರೂ ಕೇಳೋದಿಲ್ಲ.

ಅಕ್ಕಿ ವಿಷಯಕ್ಕೆ ಬನ್ನಿ. ಇಲ್ಲೇ ದೊಡ್ಡ ತಲೆನೋವು. ಭದ್ರಾ ನಾಲೆ ನೀರಲ್ಲಿ ಬೆಳೆದ ಸೋನಾ ಮಸೂರಿ ಉದುರುದುರಾಗಿ ಅರಳುತ್ತೆ, ಉಂಡೆ ಕಟ್ಟಿದರೆ ನಿಲ್ಲಲ್ಲ. ಮಹಾರಾಷ್ಟ್ರದ ಇಂದ್ರಾಯಣಿ ಅಕ್ಕಿ ಸಿಕ್ಕರೆ ಅದನ್ನೇ ತನ್ನಿ, ಅದಕ್ಕೆ ಅಂಟು ಗುಣ ಇದೆ. ಸಿಗದಿದ್ದರೆ ಅಂಗಡಿಯಲ್ಲಿ ಹೊಸ ಅಕ್ಕಿ ಕೇಳಿ. ನಾವೆಲ್ಲ ಹಳೇ ಅಕ್ಕಿ ಇದೆಯಾ ಅಂತ ಕೇಳೋರು, ಆ ದಿನ ಸಾಹುಕಾರರು ನನ್ನ ಮುಖವನ್ನೇ ಎರಡು ಸಲ ನೋಡಿದರು. ಹೊಸ ಅಕ್ಕಿಗೆ ನೀರು ಸ್ವಲ್ಪ ಕಡಿಮೆ ಹಾಕಿ, ಬೆಂದ ಮೇಲೆ ಮುಚ್ಚಿ ಹಬೆಯಲ್ಲೇ ಬಿಡಿ. ಅನ್ನ ಬಿಸಿ ಇದ್ದಾಗಲೇ ಕಟ್ಟಬೇಕು. ಅಂಗೈ ಒದ್ದೆ ಮಾಡಿ, ಚಿಟಿಕೆ ಉಪ್ಪು ಸವರಿ, ಅನ್ನ ಇಟ್ಟು, ನಡುವೆ ಗುಳಿ ಮಾಡಿ ಹೂರಣ ತುಂಬಿ, ಎರಡೂ ಕೈಯಲ್ಲಿ ತಿರುಗಿಸುತ್ತ ಮೆಲ್ಲಗೆ ಒತ್ತಬೇಕು. ಜೋರಾಗಿ ಅಮುಕಿದರೆ ಕಡುಬು ಆಗಿಬಿಡುತ್ತೆ. ಜಪಾನಿನಲ್ಲಿ ಒಳಗೆ ಉಮೆಬೋಶಿ ಇಡ್ತಾರೆ, ಅದು ಉಪ್ಪಲ್ಲಿ ಹಾಕಿಟ್ಟ ಹುಳಿ ಹಣ್ಣು. ನಾವು ಉಪ್ಪಲ್ಲಿ ನೆನೆದ ನೆಲ್ಲಿಕಾಯಿ ಇಟ್ಟೆವು. ಜಪಾನಿನವರು ಒಪ್ಪುತ್ತಾರೋ ಇಲ್ಲವೋ, ವಿದ್ಯಾನಗರದವರು ಒಪ್ಪಿದರು.

ಸಾರಿನಲ್ಲಿ ಒಂದು ಎಚ್ಚರಿಕೆ. ಮಿಸೋ ಅಂದರೆ ಹುದುಗಿಸಿದ ಸೋಯಾ ಅವರೆ. ಆದರೆ ಮಿಸೋ ಸಾರಿನ ಕಟ್ಟು ಸಾಮಾನ್ಯವಾಗಿ ಒಣ ಮೀನಿನ ಚೂರಿಂದ ತೆಗೀತಾರೆ. ಕೆಲವು ಮಿಸೋ ಪ್ಯಾಕೆಟ್‌ನಲ್ಲೇ ಅದು ಸೇರಿರುತ್ತೆ. ಲಿಂಗಾಯತರು, ಬೇರೆ ಸಸ್ಯಾಹಾರಿಗಳು ಬರೋ ಕಾರ್ಯಕ್ರಮದಲ್ಲಿ ಪ್ಯಾಕೆಟ್ ಹಿಂಭಾಗ ಓದದೆ ಬಡಿಸಿದರೆ ಮುಂದೆ ಯಾರಿಗೂ ಮುಖ ತೋರಿಸೋಕೆ ಆಗಲ್ಲ. ಇದಕ್ಕೆ ದಾರಿ ಜಪಾನಿನಲ್ಲೇ ಇದೆ. ಅಲ್ಲಿನ ಬೌದ್ಧ ಮಠಗಳಲ್ಲಿ ಶೋಜಿನ್ ರ್ಯೋರಿ ಅಂತ ಸಸ್ಯಾಹಾರದ ಅಡುಗೆ ಇದೆ. ಅವರು ಕೊಂಬು ಅನ್ನೋ ಕಡಲ ಪಾಚಿ, ಒಣ ಶಿಟಾಕೆ ಅಣಬೆ ನೆನೆಸಿ ಕಟ್ಟು ತೆಗೀತಾರೆ. ನಾವೂ ಹಾಗೇ ಮಾಡಿದೆವು. ಮಿಸೋ ಹಾಕಿದ ಮೇಲೆ ಕುದಿಸಬೇಡಿ, ಘಮ ಹೋಗುತ್ತೆ. ಉಂಡೆಗೆ ಸುತ್ತೋ ಕಪ್ಪು ಹಾಳೆ ನೋರಿಯೂ ಪಾಚಿಯೇ. ಮೀನಿನ ಚರ್ಮ ಅಂತ ಒಬ್ಬರು ದೂರ ಸರಿದರು. ಒಂದು ಬೋರ್ಡ್ ಬರೆದಿಟ್ಟುಬಿಡಿ.

ಸಂಗೀತಕ್ಕೆ ಕಲಾವಿದರನ್ನು ಜಪಾನಿನಿಂದ ಕರೆಸೋ ಶಕ್ತಿ ನಮಗಿಲ್ಲ, ಅಲ್ವಾ? ನಮ್ಮ ಹುಡುಗನೊಬ್ಬ ಬಾನ್ಸುರಿ ನುಡಿಸ್ತಾನೆ. ಜಪಾನಿ ಹಾಡುಗಳಲ್ಲಿ ಜಾಸ್ತಿ ಬಳಸೋ ಯೋನಾನುಕಿ ಅನ್ನೋ ಐದು ಸ್ವರದ ಸಾಲಿನಲ್ಲಿ ಮ, ನಿ ಇಲ್ಲ. ಅದು ನಮ್ಮ ಹಿಂದೂಸ್ತಾನಿಯ ಭೂಪ ರಾಗದ ಸ್ವರಗಳೇ, ಕರ್ನಾಟಕಿಯವರಿಗೆ ಮೋಹನ. ಕೊಟೊ ಅನ್ನೋ ಜಪಾನಿ ತಂತಿ ವಾದ್ಯದಲ್ಲಿ ಕೇಳೋ ಆ ದುಃಖದ ಛಾಯೆಯ ಸಾಲಿದೆಯಲ್ಲ, ಅದರ ಸ್ವರ ನಮ್ಮ ಗುಣಕಲಿ ರಾಗಕ್ಕೆ ಹತ್ತಿರ. ಮೊದಲು ಕೊಟೊದ ಒಂದು ಹಳೇ ಜನಪದ ಧಾಟಿ ಸ್ಪೀಕರಿನಲ್ಲಿ ಕೇಳಿಸಿ, ಬೆನ್ನಿಗೇ ಆತ ಗುಣಕಲಿ ನುಡಿಸಿದ. ಹಾಲ್‌ನಲ್ಲಿ ಗುಸುಗುಸು ನಿಂತದ್ದು ಆಗಲೇ. ಡೊಳ್ಳು ಬೇಕು ಅಂತ ಕೆಲವರು ಹೇಳ್ತಾರೆ. ಇಡಿ, ಆದರೆ ಡೊಳ್ಳು ಅಂತಲೇ ಹೇಳಿ, ಜಪಾನಿ ತೈಕೊ ಅಂತ ಹೇಳಿ ಮಾರಬೇಡಿ. ಮೈಕ್‌ಗೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ಕ್ಕೆ ನಿಲ್ಲಿಸಬೇಕು.

ಒಬ್ಬರಾದರೂ ಎದ್ದು ಕೇಳೇ ಕೇಳ್ತಾರೆ: ನಮ್ಮಲ್ಲೇ ಕಷ್ಟ ಇಲ್ವಾ, ಶ್ರೀಮಂತ ದೇಶಕ್ಕೆ ಯಾಕೆ? ಉತ್ತರ ಇಟ್ಕೊಂಡಿರಿ. 2024ರ ಜನವರಿ 1ರ ಸಂಜೆ ಇಶಿಕಾವಾ ಪ್ರಾಂತ್ಯದ ನೋಟೋದಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ವಾಜಿಮಾ ಊರಿನ ಹಳೇ ಬೆಳಗಿನ ಸಂತೆ ಬೀದಿ ಬೆಂಕಿಗೆ ಹೋಯಿತು. ಕೆಲವು ಕಡೆ ಕಡಲ ದಂಡೆ ನಾಲ್ಕು ಮೀಟರ್‌ವರೆಗೆ ಮೇಲೆದ್ದು ದೋಣಿಗಳಿಗೆ ನೀರೇ ಇಲ್ಲದಂತಾಯಿತು. ಅದೇ ಸೆಪ್ಟೆಂಬರಿನಲ್ಲಿ ಭಾರಿ ಮಳೆ ಬಂದು ತಾತ್ಕಾಲಿಕ ಮನೆಗಳಿಗೂ ನೀರು ನುಗ್ಗಿತು. ಆಮೇಲೆ ಶಿಬಿರದ ಕಷ್ಟದಲ್ಲೇ ತೀರಿಕೊಂಡವರೂ ಸೇರಿ ಸಾವು 500 ದಾಟಿತು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ದೇಶ ಶ್ರೀಮಂತ ಇರಬಹುದು, ಆದರೂ ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗಿದ್ದೀವಿ: ಅಲ್ಲಿ ಸುನಾಮಿ ಆದ 2011ರಲ್ಲಿ ನಮ್ಮ ವಿಪತ್ತು ಪರಿಹಾರ ಪಡೆ ಎನ್‌ಡಿಆರ್‌ಎಫ್‌ನ 46 ಜನ ಜಪಾನಿನ ಒನಾಗಾವಾ ಊರಿಗೆ ಹೋಗಿದ್ದರು. 2001ರ ಭುಜ್ ಭೂಕಂಪಕ್ಕೆ ಅವರೂ ನೆರವು ಕಳಿಸಿದ್ದರು.

ಇನ್ನು ದುಡ್ಡು. ಟಿಕೆಟ್ ಪ್ರಿಂಟ್ ಮಾಡೋ ಮೊದಲೇ ಒಬ್ಬ ಸಿಎ ಹತ್ತಿರ ಕೂತ್ಕೊಳ್ಳಿ. ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯ್ದೆ ಹೊರಗಿಂದ ಬರೋ ದುಡ್ಡಿಗೆ, ಹೋಗೋದಕ್ಕಲ್ಲ. ಆದರೆ ನಮ್ಮ ಟ್ರಸ್ಟ್‌ಗಳು ಹೊರದೇಶಕ್ಕೆ ಖರ್ಚು ಮಾಡಿದರೆ ತೆರಿಗೆ ವಿನಾಯಿತಿಗೆ ತೊಂದರೆ. ದಾನಿಗಳಿಗೂ ದಾನದ ಮೇಲಿನ ತೆರಿಗೆ ರಿಯಾಯಿತಿ ಸಿಗಲ್ಲ, ಮೊದಲೇ ಹೇಳಿಬಿಡಿ. ಎಲ್ಲರ ದುಡ್ಡೂ ಒಬ್ಬರ ಸ್ವಂತ ಖಾತೆಗೆ ಬೀಳೋದು ಬೇಡ, ಲೆಕ್ಕ ಕೇಳಿದಾಗ ಅವರೇ ಸಿಕ್ಕಿಹಾಕ್ಕೊಳ್ತಾರೆ. ನನಗೆ ಸರಿ ಅನ್ನಿಸಿದ್ದು ಇದು: ಹಾಲ್, ಅಕ್ಕಿ, ಗ್ಯಾಸ್ ಖರ್ಚನ್ನು ಊರಿನ ವರ್ತಕರು ವಹಿಸಲಿ. ಊಟ ಪುಕ್ಕಟೆ ಇರಲಿ. ಕೊಡಬೇಕು ಅನ್ನಿಸಿದವರು ಜಪಾನ್ ರೆಡ್‌ಕ್ರಾಸ್‌ನಂಥ ಸಂಸ್ಥೆಗೆ ತಾವೇ ತಮ್ಮ ಬ್ಯಾಂಕಿನಿಂದ ಕಳಿಸಲಿ. ಬ್ಯಾಂಕಿನವರು ಪ್ಯಾನ್, ಹೊರದೇಶಕ್ಕೆ ದುಡ್ಡು ಕಳಿಸೋಕೆ ತುಂಬಬೇಕಾದ ಎ-2 ಫಾರ್ಮ್ ಕೇಳ್ತಾರೆ. ಆ ನಿಧಿ ಇನ್ನೂ ದುಡ್ಡು ತಗೊಳ್ತಿದೆಯಾ ಅಂತ ಮೊದಲು ನೋಡಿಕೊಳ್ಳಿ, ಇಂಥವಕ್ಕೆ ಕೊನೇ ದಿನ ಅಂತ ಇರುತ್ತೆ. ಸಣ್ಣ ಮೊತ್ತಕ್ಕೆ ಬ್ಯಾಂಕ್ ಶುಲ್ಕವೇ ಜಾಸ್ತಿ ಆಗುತ್ತೆ. ಹಾಗಾಗಿ ಒಂದು ಮನೆಯವರು ಸೇರಿ ಒಂದೇ ಸಲ ಕಳಿಸಲಿ.

ಮಿರ್ಚಿ ಇಲ್ವಾ ಅಂತ ಕೇಳೋರು ಇದ್ದೇ ಇರ್ತಾರೆ. ಹೊರಗಡೆ ಗಾಡಿ ಇದೆ ಅಂತ ತೋರಿಸಿ.