ಬೋಟಿನಲ್ಲಿ ಸಿಯಾಟಲ್‌ಗೆ ಬರುವವರು ಎಲ್ಲಿ ನಿಲ್ಲಿಸಬೇಕು, ಏನು ನೋಡಬೇಕು?

ಅನಾಕೋರ್ಟಿಸ್‌ನಲ್ಲಿ 34 ಅಡಿಯ ಮೋಟಾರ್ ಬೋಟ್ ಬಾಡಿಗೆಗೆ ಹಿಡಿದು ಜುಲೈನಲ್ಲಿ ಮಕ್ಕಳ ಜೊತೆ ನಾಲ್ಕು ದಿನ ಬರ್ತೀವಿ, ಪೇಟೆ ಹತ್ತಿರದ ಮರೀನಾದಲ್ಲಿ (ಬೋಟ್ ನಿಲ್ದಾಣ) ನಿಲ್ಲಿಸಿ ಓಡಾಡಿದರೆ ಸಾಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಾಲದು. ಪೇಟೆಯನ್ನು ಕಾರಿನಲ್ಲಿ ಬಂದವರೂ ನೋಡ್ತಾರೆ. ಬೋಟ್ ಇದ್ದವರಿಗಷ್ಟೇ ಸಿಗೋದು ಸಮುದ್ರದಿಂದ ಲಾಕ್ (ನೀರು ತುಂಬಿಸಿ ಬೋಟನ್ನು ಮೇಲೆತ್ತುವ, ಗೇಟ್ ಇರುವ ಕೋಣೆ) ಹತ್ತಿ ಊರೊಳಗಿನ ಸರೋವರಗಳಿಗೆ ಹೋಗುವ ದಾರಿ. ಒಂದು ರಾತ್ರಿ ಪೇಟೆಗೆ ಕೊಡಿ, ಉಳಿದದ್ದನ್ನು ಒಳಗಿನ ನೀರಿಗೆ ಇಡಿ. ಲಾಕ್ ದಾಟಲು ಬಾಡಿಗೆ ಕರಾರಿನಲ್ಲಿ ಅಡ್ಡಿ ಇದೆಯಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಆ ಲಾಕ್‌ನ ಹೆಸರು ಬ್ಯಾಲರ್ಡ್ ಲಾಕ್ಸ್, 1917ರಿಂದ ನಡೆಯುತ್ತಿದೆ. ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗದ್ದು, ಶುಲ್ಕ ಇಲ್ಲ. ಒಳಗಿನ ಸರೋವರದ ಮಟ್ಟ ಹೆಚ್ಚುಕಡಿಮೆ ಒಂದೇ ಇರುತ್ತದೆ, ಹೊರಗಿನ ಸಮುದ್ರ ಮಾತ್ರ ಏರಿಳಿಯುತ್ತದೆ. ಹಾಗಾಗಿ ನೀವು ಹತ್ತುವ ಎತ್ತರ ಉಬ್ಬರ-ಇಳಿತ ನೋಡಿಕೊಂಡು 6 ಅಡಿಯೂ ಆಗಬಹುದು, 26 ಅಡಿಯೂ ಆಗಬಹುದು. ಎರಡು ಕೋಣೆಗಳಿವೆ. ದೊಡ್ಡದು 825 ಅಡಿ ಉದ್ದ, 80 ಅಡಿ ಅಗಲ. ಸಣ್ಣದು 150 ಅಡಿ ಉದ್ದ, 30 ಅಡಿ ಅಗಲ. ನಿಮ್ಮನ್ನು ಯಾವುದಕ್ಕೆ ಬಿಡುತ್ತಾರೆ ಅನ್ನೋದು ಅವರ ತೀರ್ಮಾನ, ಅದಕ್ಕೇ ಎರಡಕ್ಕೂ ಸಿದ್ಧ ಇರಬೇಕು. ತಲಾ 50 ಅಡಿಯ ಎರಡು ಹಗ್ಗ, ಒಂದೊಂದರ ತುದಿಯಲ್ಲಿ 12 ಇಂಚಿನ ಕುಣಿಕೆ. ಫೆಂಡರ್‌ಗಳು (ಬೋಟ್ ಉಜ್ಜದಂತೆ ಬದಿಗೆ ನೇತುಹಾಕುವ ಮೆತ್ತೆಗಳು) ಎರಡೂ ಬದಿಗೆ, ಯಾಕೆಂದರೆ ಒಂದು ಬದಿ ಗೋಡೆ ಇದ್ದರೆ ಇನ್ನೊಂದು ಬದಿಗೆ ಬೇರೆಯವರ ಬೋಟ್ ತಂದು ಕಟ್ಟಿಸುತ್ತಾರೆ. ಕೆಂಪು ದೀಪ ಇದ್ದರೆ ದೂರ ನಿಲ್ಲಿ, ಹಸಿರು ಬಂದರೆ ಒಳಗೆ. ಬೋಟಿನ ವಿಎಚ್‌ಎಫ್ ರೇಡಿಯೋದಲ್ಲಿ 13ನೇ ಚಾನೆಲ್ ಹಾಕಿಟ್ಟಿರಿ.

ದೊಡ್ಡ ಕೋಣೆಯಲ್ಲಿ ಹತ್ತುವಾಗ ಮೇಲಿನಿಂದ ಸಿಬ್ಬಂದಿ ತೆಳ್ಳಗಿನ ಹಗ್ಗ ಎಸೆಯುತ್ತಾರೆ. ಅದಕ್ಕೆ ನಿಮ್ಮ ಕುಣಿಕೆ ಕಟ್ಟಿ ಕೊಟ್ಟರೆ ಎಳೆದುಕೊಂಡು ಗೂಟಕ್ಕೆ ಹಾಕುತ್ತಾರೆ. ನೀರು ಏರಿದಂತೆ ಸಡಿಲವಾದ ಹಗ್ಗವನ್ನು ನೀವು ಒಳಗೆ ಎಳೆದುಕೊಳ್ಳುತ್ತಾ ಹೋಗಬೇಕು. ಮುಂದೆ ಒಬ್ಬರು, ಹಿಂದೆ ಒಬ್ಬರು, ಚುಕ್ಕಾಣಿಗೆ ಮತ್ತೊಬ್ಬರು. ಈ ಕೆಲಸ ಮಕ್ಕಳಿಗೆ ಬೇಡ. ಎಡವಟ್ಟಾಗೋದು ಹೆಚ್ಚಾಗಿ ವಾಪಸ್ ಇಳಿಯುವಾಗ: ಕ್ಲೀಟ್‌ಗೆ (ಬೋಟಿನಲ್ಲಿ ಹಗ್ಗ ಸುತ್ತುವ ಕೊಂಬು) ಸುತ್ತು ಹಾಕೋದರ ಬದಲು ಗಂಟು ಬಿಗಿದುಬಿಟ್ಟರೆ ನೀರು ಕೆಳಗೆ ಹೋಗುತ್ತದೆ, ಬೋಟ್ ಹಗ್ಗಕ್ಕೆ ನೇತುಬೀಳುತ್ತದೆ, ಆಗ ಬಿಚ್ಚೋಕೂ ಆಗಲ್ಲ. ಸಣ್ಣ ಕೋಣೆಯಲ್ಲಿ ಬದಿಯ ಕಟ್ಟೆಯೇ ತೇಲುತ್ತಾ ನಿಮ್ಮ ಜೊತೆ ಏರಿಳಿಯುತ್ತದೆ. ಸುಲಭ ನಿಜ, ಆದರೆ ಅದೂ ಒಮ್ಮೊಮ್ಮೆ ಸಿಕ್ಕಿಕೊಂಡು ಆಮೇಲೆ ಧಡಕ್ಕನೆ ಜಾರುತ್ತದೆ, ಹಗ್ಗ ಕೈಯಲ್ಲೇ ಇರಲಿ. ಸಮುದ್ರದ ಕಡೆಯಿಂದ ಬರುವಾಗ ದಕ್ಷಿಣ ಬದಿಯ ಕೋಡಿಯಿಂದ ಬೀಳುವ ನೀರಿನ ಸೆಳೆತ ಬೋಟನ್ನು ಪಕ್ಕಕ್ಕೆ ತಳ್ಳುತ್ತದೆ. ಬೇಸಿಗೆಯ ಶನಿವಾರ-ಭಾನುವಾರ ಕಾಯೋದು ಗಂಟೆಗಟ್ಟಲೆ ಆಗಬಹುದು, ವಾರದ ಮಧ್ಯೆ ಬೆಳಿಗ್ಗೆ ಬನ್ನಿ.

ಲಾಕ್ ಪಕ್ಕದಲ್ಲೇ ಸಾಲ್ಮನ್ ಮೀನುಗಳು ತಮಗಾಗಿ ಕಟ್ಟಿದ ನೀರಿನ ಮೆಟ್ಟಿಲು ಹತ್ತುವುದನ್ನು ಗಾಜಿನ ಕಿಟಕಿಯಲ್ಲಿ ನೋಡಬಹುದು. ಜುಲೈ ಸಾಕೈ ಅನ್ನೋ ಜಾತಿಯ ಸಾಲ್ಮನ್ ಕಾಲ, ಮಕ್ಕಳು ಜಾಗ ಬಿಟ್ಟು ಕದಲಲ್ಲ.

ಒಳಗೆ ಬಂದ ಮೇಲೆ ಫಿಶರ್‌ಮೆನ್ಸ್ ಟರ್ಮಿನಲ್ ಸಿಗುತ್ತದೆ. ಅಲಾಸ್ಕಾಗೆ ಹೋಗುವ ಮೀನುಗಾರಿಕೆ ದೋಣಿಗಳ ನೆಲೆ ಅದು. ಸಿಹಿನೀರಿನಲ್ಲಿ ನಿಂತರೆ ತಳಕ್ಕೆ ಅಂಟಿದ ಸಮುದ್ರದ ಚಿಪ್ಪುಜೀವಿಗಳು ಸಾಯುತ್ತವೆ, ದೋಣಿಯವರಿಗೆ ಅದೊಂದು ಲಾಭ. ಮುಂದೆ ಫ್ರೀಮಾಂಟ್ ಸೇತುವೆ, ಎತ್ತರ 30 ಅಡಿ. ನಿಮ್ಮ ಬೋಟ್ ಹಾಗೇ ನುಸುಳುತ್ತದೆ. ಹಾಯಿದೋಣಿಯವರು ಒಂದು ಉದ್ದ, ಒಂದು ಗಿಡ್ಡ ಹಾರ್ನ್ ಕೊಟ್ಟು ತೆಗೆಸಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6 ಅವರಿಗೆ ತೆಗೆಯಲ್ಲ.

ಲೇಕ್ ಯೂನಿಯನ್‌ನಲ್ಲಿ ವೇಗದ ಮಿತಿ 7 ನಾಟ್ (ಗಂಟೆಗೆ ಸುಮಾರು 13 ಕಿ.ಮೀ.). ನೀರ ಮೇಲೆ ಇಳಿಯುವ ವಿಮಾನಗಳಿಗೂ ಇದೇ ರನ್‌ವೇ. ಬೇಸಿಗೆಯಲ್ಲಿ ನಡುವೆ ಸಾಲಾಗಿ ತೇಲುಬುರುಡೆಗಳಿರುತ್ತವೆ. ಅವುಗಳ ಹಳದಿ ದೀಪ ಮಿನುಗಲು ಶುರುವಾಯಿತೆಂದರೆ ವಿಮಾನ ಬರುತ್ತಿದೆ ಅಥವಾ ಏಳುತ್ತಿದೆ ಅಂತ ಅರ್ಥ, ಸಾಲಿನಿಂದ ಕನಿಷ್ಠ 200 ಅಡಿ ಪೂರ್ವಕ್ಕೋ ಪಶ್ಚಿಮಕ್ಕೋ ಸರಿಯಿರಿ. ಮಂಗಳವಾರ ಸಂಜೆ ಇದ್ದರೆ ಡಕ್ ಡಾಡ್ಜ್ ನೋಡಿ. ಹಾಯಿದೋಣಿಗಳ ತಮಾಷೆಯ ಪಂದ್ಯ, ವೇಷ ಹಾಕಿಕೊಂಡು ಬರುತ್ತಾರೆ. ದಕ್ಷಿಣ ತುದಿಯಲ್ಲಿ ಸೆಂಟರ್ ಫಾರ್ ವುಡನ್ ಬೋಟ್ಸ್ ಇದೆ, ಮರದ ದೋಣಿ ಕಟ್ಟುವ ವಿದ್ಯೆಯಲ್ಲಿ ಆಸಕ್ತಿ ಇದ್ದರೆ ಅರ್ಧ ದಿನ ಹೋಗುತ್ತದೆ.

ರಾತ್ರಿ ಲಂಗರು ಹಾಕಲು ಲೇಕ್ ವಾಷಿಂಗ್ಟನ್‌ನ ಆಂಡ್ರ್ಯೂಸ್ ಬೇ. ಕಂಡಲ್ಲಿ ಲಂಗರು ಹಾಕಲು ನಗರ ಬಿಡಲ್ಲ, ಇಲ್ಲಿ ಬಿಡುತ್ತದೆ, ಅದಕ್ಕೂ 72 ಗಂಟೆಯ ಮಿತಿ ಇದೆ. ಪಕ್ಕದ ಸೀವರ್ಡ್ ಪಾರ್ಕ್‌ನಲ್ಲಿ ಹಳೆಯ ಕಾಡು, ಸುತ್ತು ಹಾಕಲು 2.4 ಮೈಲಿ ದಾರಿ. ದಡಕ್ಕೆ ಸಣ್ಣ ದೋಣಿಯಲ್ಲಿ ಹೋಗುವಾಗ 12 ವರ್ಷದವರೆಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿರಲೇಬೇಕು, 19 ಅಡಿಗಿಂತ ಚಿಕ್ಕ ದೋಣಿಗಳಿಗೆ ಅದು ಕಾನೂನು.

ಪೇಟೆಯ ರಾತ್ರಿಗೆ ಲಾಕ್‌ನ ಹೊರಗೆ, ಸಮುದ್ರದ ಕಡೆ, ಪಿಯರ್ 66ರ ಬೆಲ್ ಹಾರ್ಬರ್ ಮರೀನಾ. ಪೈಕ್ ಪ್ಲೇಸ್ ಮಾರ್ಕೆಟ್‌ಗೆ ನಡೆದೇ ಹೋಗಬಹುದು. ಜುಲೈಗೆ ಜಾಗ ಮೊದಲೇ ಕಾಯ್ದಿರಿಸಿ. ಹಡಗುಗಳ ಅಲೆ ಒಳಗೂ ಬರುತ್ತದೆ, ಹಗ್ಗ-ಫೆಂಡರ್ ಒಂದೊಂದು ಹೆಚ್ಚೇ ಇರಲಿ, ಮೇಜಿನ ಮೇಲೆ ಲೋಟ ಬಿಟ್ಟು ಮಲಗಬೇಡಿ.

ವಾಪಸ್ ಹೊರಡುವ ಮುಂಚೆ ಒಂದು ರಾತ್ರಿ ಉಳಿದರೆ ಬ್ಲೇಕ್ ದ್ವೀಪ. ಇಡೀ ದ್ವೀಪವೇ ರಾಜ್ಯದ ಪಾರ್ಕ್, ಸೇತುವೆ ಇಲ್ಲ. ಬೋಟ್ ನಿಲ್ಲಿಸುವ ಕಟ್ಟೆ ತೆರೆದಿದೆಯಾ ಅಂತ ಪಾರ್ಕ್‌ನವರ ಸೈಟಿನಲ್ಲಿ ನೋಡಿ ಹೊರಡಿ. ರಕೂನ್ ಅನ್ನೋ ಸಣ್ಣ ಕಾಡುಪ್ರಾಣಿಗಳು ರಾತ್ರಿ ಬೋಟ್ ಹತ್ತುತ್ತವೆ, ತಿಂಡಿ ಹೊರಗಿಡಬೇಡಿ.

ದಾರಿಯಲ್ಲಿ ಓರ್ಕಾ ತಿಮಿಂಗಿಲ ಕಂಡರೆ ಹತ್ತಿರ ಹೋಗುವಂತಿಲ್ಲ. ಇಲ್ಲಿನ ಸದರ್ನ್ ರೆಸಿಡೆಂಟ್ ಗುಂಪಿನಿಂದ 2025ರಿಂದ 1,000 ಗಜ ದೂರ ಕಡ್ಡಾಯ. ದೂರದಿಂದ ಯಾವ ಗುಂಪು ಅಂತ ಹೇಳೋದು ಕಷ್ಟ, ಎಲ್ಲಕ್ಕೂ ಅದೇ ಅಂತರ ಇಟ್ಟುಕೊಳ್ಳಿ. ಶೌಚದ ಟ್ಯಾಂಕ್ ಪ್ಯೂಜೆಟ್ ಸೌಂಡ್‌ನಲ್ಲಿ (ಸಿಯಾಟಲ್ ಮುಂದಿನ ಸಮುದ್ರ) ಎಲ್ಲೂ ಖಾಲಿ ಮಾಡುವಂತಿಲ್ಲ, ಮರೀನಾದಲ್ಲಿ ಅದನ್ನು ಹೀರಿ ತೆಗೆಯುವ ಪಂಪ್‌ಔಟ್‌ನಲ್ಲೇ ಮಾಡಿಸಿ.